‘ಈ ಮನೆಯಲ್ಲಿ ಬಚ್ಚಿಟ್ಟ ಪಾಪ ಇದೆ’ ಅಂದವರಿಗೆ ಏನು ಹೇಳಲಿ?

ಪ್ರಶ್ನೆ: ಅಯ್ಯನವರೇ, ನಾವು ಹುಮನಾಬಾದ್ ತಾಲ್ಲೂಕಿನ ಒಂದು ಹಳ್ಳಿಯವರು, ಮೆಥಡಿಸ್ಟ್ ಸಭೆಯವರು. ಹೋದ ಮಳೆಗಾಲದಲ್ಲಿ ನನ್ನ ತಂಗಿಯ ಆರು ವರ್ಷದ ಮಗ ಜ್ವರ ಬಂದು ನಾಲ್ಕೇ ದಿನದಲ್ಲಿ ತೀರಿಕೊಂಡ. ಅದೇ ವರ್ಷ ಅವರ ಹೊಲದ ತೊಗರಿಯೂ ನೆಟೆ ರೋಗ ಹತ್ತಿ ಒಣಗಿತು. ಮಗು ಹೋದ ಮೂರನೇ ದಿನ ಪ್ರಾರ್ಥನೆಗೆ ಬಂದ ಒಬ್ಬರು ಎಲ್ಲರ ಮುಂದೆ, ‘ಈ ಮನೆಯಲ್ಲಿ ಬಚ್ಚಿಟ್ಟ ಪಾಪ ಇದೆ, ಇಲ್ಲಾಂದ್ರೆ ಹಿರಿಯರ ಶಾಪ ಇದೆ, ಅರಿಕೆ ಮಾಡಿ’ ಅಂದರು. ಅವತ್ತಿನಿಂದ ತಂಗಿ ಚರ್ಚಿಗೆ ಬರುತ್ತಿಲ್ಲ. ಇದರ ನಡುವೆ ಪಿಯುಸಿ ಓದುವ ನನ್ನ ಮಗಳು ಒಂದನೇ ಸಮುವೇಲ 15ನೇ ಅಧ್ಯಾಯ ತಂದು ತೋರಿಸಿದಳು. ‘ಹಾಲು ಕುಡಿಯೋ ಕೂಸುಗಳನ್ನೂ ಕೊಲ್ಲಿ ಅಂತ ದೇವರೇ ಹೇಳಿದ್ದಾನಲ್ಲ, ಹಾಗಾದ್ರೆ ನಮ್ಮ ತಮ್ಮನನ್ನೂ ಅವನೇ ಕೊಂದನಾ?’ ಅಂದಳು. ತಂಗಿಗೆ ಏನು ಹೇಳಲಿ? ಮಗಳಿಗೆ ಏನು ಹೇಳಲಿ?

ಉತ್ತರ:

ಅಮ್ಮಾ, ಮೊದಲು ಆ ಮನುಷ್ಯ ಆಡಿದ ಮಾತನ್ನು ನೋಡೋಣ. ಅದು ಸತ್ಯವೇದದಲ್ಲಿ ಇರುವ ಮಾತೇ. ಇಲ್ಲ ಅನ್ನಲಾರೆ. ಯೋಬನ ಗ್ರಂಥ 8ನೇ ಅಧ್ಯಾಯದ 4ನೇ ವಚನ ತೆಗೆಯಿರಿ. ಹತ್ತು ಮಕ್ಕಳನ್ನು ಒಂದೇ ದಿನ ಕಳೆದುಕೊಂಡ ಅಪ್ಪ ಯೋಬನ ಎದುರು ಕೂತು ಬಿಲ್ದದ ಅನ್ನುವ ಗೆಳೆಯ ಹೇಳುತ್ತಾನೆ: ನಿನ್ನ ಮಕ್ಕಳು ಪಾಪ ಮಾಡಿದ್ದಾರೆ, ಅದಕ್ಕೇ ದೇವರು ಅವರನ್ನು ಆ ಪಾಪದ ಕೈಗೇ ಬಿಟ್ಟುಕೊಟ್ಟ. ನಿಮ್ಮ ತಂಗಿಯ ಮನೆಗೆ ಬಂದವರು ಬಿಲ್ದದನ ವಾಕ್ಯ ಓದಿ ಹೋದರು.

ಅವರು ಓದದೇ ಬಿಟ್ಟದ್ದು ಕೊನೆಯ ಅಧ್ಯಾಯ. 42:7ರಲ್ಲಿ ದೇವರು ಈ ಗೆಳೆಯರ ಮೇಲೆ ಸಿಟ್ಟಾಗುತ್ತಾನೆ. ನನ್ನ ದಾಸನಾದ ಯೋಬನ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾದ ಮಾತು ಆಡಲಿಲ್ಲ ಅನ್ನುತ್ತಾನೆ. ಏಳು ಹೋರಿ, ಏಳು ಟಗರು ಬಲಿ ಕೊಡಿ, ಯೋಬ ನಿಮಗಾಗಿ ಪ್ರಾರ್ಥಿಸಲಿ, ಆಗ ನೋಡೋಣ ಅನ್ನುತ್ತಾನೆ. ಯಾರು ಯಾರಿಗಾಗಿ ಪ್ರಾರ್ಥಿಸಬೇಕಾಯಿತು ಗಮನಿಸಿ. ಇಪ್ಪತ್ತರಷ್ಟು ಅಧ್ಯಾಯ ದೇವರ ಮೇಲೆ ಕೂಗಾಡಿದವನು ಯೋಬ. ಅಷ್ಟೂ ಹೊತ್ತು ದೇವರ ಪರ ವಕೀಲಿ ಮಾಡಿದವರು ಗೆಳೆಯರು. ತಪ್ಪು ಬಿದ್ದದ್ದು ವಕೀಲರ ಮೇಲೆ.

ಈ ಗೆಳೆಯರು ಕೆಟ್ಟವರಾಗಿ ಬಂದವರಲ್ಲ. ಸುದ್ದಿ ಕೇಳಿ ದೂರದಿಂದ ಬಂದರು. ಬಟ್ಟೆ ಹರಿದುಕೊಂಡು ಅತ್ತರು. ಏಳು ದಿನ ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತರು. ಇಡೀ ಗ್ರಂಥದಲ್ಲಿ ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಎಲ್ಲ ಹಾಳಾಯಿತು. ಅವರಲ್ಲೊಬ್ಬನಾದ ಎಲೀಫಜ ಮೊದಲು ಮೆತ್ತಗೆ ಶುರು ಮಾಡುತ್ತಾನೆ: ನಿರಪರಾಧಿ ಎಲ್ಲಾದರೂ ನಾಶವಾದದ್ದುಂಟೇ? ಅಧರ್ಮ ಬಿತ್ತಿದವರು ಅದನ್ನೇ ಕೊಯ್ಯುತ್ತಾರೆ. ಕೇಳಲು ಚೆನ್ನಾಗಿದೆ. ನಮ್ಮ ‘ಮಾಡಿದ್ದುಣ್ಣೋ ಮಹರಾಯ’ ಅನ್ನೋದೂ ಇದೇ. ಆದರೆ 22ನೇ ಅಧ್ಯಾಯಕ್ಕೆ ಬರುವ ಹೊತ್ತಿಗೆ ಅದೇ ಎಲೀಫಜ ಇಲ್ಲದ ಪಾಪಗಳನ್ನು ಹುಟ್ಟಿಸಿ ಹೇಳುತ್ತಿದ್ದಾನೆ. ನೀನು ಬಡವರ ಬಟ್ಟೆ ಅಡವಿಟ್ಟುಕೊಂಡೆ, ದಣಿದವನಿಗೆ ನೀರು ಕೊಡಲಿಲ್ಲ, ವಿಧವೆಯರನ್ನು ಬರಿಗೈಯಲ್ಲಿ ಕಳಿಸಿದೆ. ಇದ್ಯಾವುದೂ ನಡೆದಿಲ್ಲ. ಯೋಬ ನೀತಿವಂತ ಅಂತ ಗ್ರಂಥದ ಮೊದಲ ವಚನವೇ ಹೇಳಿದೆ. ಎಲೀಫಜನಿಗೆ ತನ್ನ ಲೆಕ್ಕ ತಾಳೆಯಾಗಬೇಕಿತ್ತು. ಅದಕ್ಕೆ ಒಬ್ಬ ಪಾಪಿ ಬೇಕಿತ್ತು. ಎದುರಿಗೆ ಕೂತವನನ್ನೇ ಪಾಪಿ ಮಾಡಿದ.

ಹತ್ತಾರು ವರ್ಷ ಹಳೆಯ ಒಡಂಬಡಿಕೆ ಪಾಠ ಮಾಡಿದವನು ನಾನು. ಈಗಲೂ ನನಗೆ ಜಾಸ್ತಿ ಭಯ ಹುಟ್ಟಿಸುವ ಅಧ್ಯಾಯ ಈ 22. ಒಳ್ಳೆಯ ದೇವಭಕ್ತ, ತನ್ನ ಸಿದ್ಧಾಂತ ಉಳಿಸಿಕೊಳ್ಳಲು, ದುಃಖದಲ್ಲಿರುವವನ ಮೇಲೆ ಸುಳ್ಳು ಹೊರಿಸುತ್ತಾನೆ. ‘ದೇವರ ಪರವಾಗಿ ಸುಳ್ಳಾಡುತ್ತೀರಾ?’ ಅಂತ ಯೋಬ 13ನೇ ಅಧ್ಯಾಯದಲ್ಲೇ ಕೇಳಿಬಿಟ್ಟಿರುತ್ತಾನೆ.

ನಮ್ಮ ಕಡೆ ಇದಕ್ಕೆ ಇನ್ನೊಂದು ಎಳೆ ಸೇರಿಕೊಳ್ಳುತ್ತದೆ. ಪಕ್ಕದ ಮನೆಯವರು ‘ಹಿಂದಿನ ಜನ್ಮದ ಕರ್ಮ’ ಅನ್ನುತ್ತಾರೆ. ನಮ್ಮವರು ದೀಕ್ಷಾಸ್ನಾನ ಆದ ಮೇಲೆ ಆ ಮಾತು ಬಿಟ್ಟರು, ‘ಪಾಪ’ ಅನ್ನತೊಡಗಿದರು. ಪದ ಬದಲಾಯಿತು, ಖಾತೆ ಪುಸ್ತಕ ಮಾತ್ರ ಅದೇ. ಮತ್ತೆ ಆ ಪುಸ್ತಕದಲ್ಲಿ ಮೊದಲ ಹೆಸರು ಯಾವಾಗಲೂ ಹಡೆದವಳದ್ದು. ಅಪ್ಪನ ಪಾಪ ಅಂತ ಯಾರಾದರೂ ಅಂದದ್ದು ನಾನು ಕೇಳಿದ್ದು ಕಡಿಮೆ.

ಯೇಸುವಿನ ಶಿಷ್ಯರೂ ಇದನ್ನೇ ಕೇಳಿದರು. ಹುಟ್ಟುಕುರುಡನನ್ನು ಕಂಡು, ಇವನು ಕುರುಡನಾಗಿ ಹುಟ್ಟಲು ಯಾರು ಪಾಪ ಮಾಡಿದರು, ಇವನೋ ಇವನ ತಂದೆತಾಯಿಗಳೋ ಅಂತ. ಯೋಹಾನ 9ನೇ ಅಧ್ಯಾಯ. ಯೇಸು ಎರಡೂ ಅಲ್ಲ ಅಂದ. ಮುಂದಿನ ಮಾತು ನಮ್ಮ ಸತ್ಯವೇದದಲ್ಲಿ, ದೇವರ ಕ್ರಿಯೆ ತೋರಿಬರುವುದಕ್ಕಾಗಿ ಹೀಗಾಯಿತು ಅನ್ನುವ ಹಾಗಿದೆ. ಅದನ್ನು ಓದಿ, ದೇವರು ಒಂದು ಅದ್ಭುತ ತೋರಿಸಲಿಕ್ಕೆ ಒಬ್ಬನನ್ನು ಅಷ್ಟು ವರ್ಷ ಕುರುಡನಾಗಿ ಇಟ್ಟನಾ ಅಂತ ಜನ ನೊಂದುಕೊಳ್ಳುತ್ತಾರೆ. ಇಲ್ಲಿ ಒಂದು ಸಣ್ಣ ವಿಷಯ ಗೊತ್ತಿದ್ದರೆ ಒಳ್ಳೆಯದು. ಹಳೆಯ ಗ್ರೀಕ್ ಕೈಬರಹಗಳಲ್ಲಿ ಚುಕ್ಕೆ, ಅಲ್ಪವಿರಾಮ ಇರಲಿಲ್ಲ. ಆಮೇಲೆ ಹಾಕಿದವು. ಚುಕ್ಕೆಯನ್ನು ಸ್ವಲ್ಪ ಹಿಂದೆ ಇಟ್ಟರೆ ಮಾತು ಹೀಗಾಗುತ್ತದೆ: ‘ಇವನೂ ಪಾಪ ಮಾಡಲಿಲ್ಲ, ತಂದೆತಾಯಿಗಳೂ ಇಲ್ಲ. ಆದರೆ ದೇವರ ಕ್ರಿಯೆ ಇವನಲ್ಲಿ ಕಾಣಬೇಕಾದರೆ, ಹಗಲಿರುವಾಗಲೇ ನಾವು ಕೆಲಸ ಮಾಡಬೇಕು.’ ಹೀಗೆ ಓದುವ ಪಂಡಿತರಿದ್ದಾರೆ, ಒಪ್ಪದವರೂ ಇದ್ದಾರೆ. ನನಗೆ ಇದು ಸರಿ ಅನ್ನಿಸುತ್ತದೆ. ಶಿಷ್ಯರು ‘ಯಾಕೆ’ ಅಂತ ಹಿಂದಕ್ಕೆ ನೋಡಿದರು. ಯೇಸು ಕಾರಣ ಹೇಳುತ್ತಾ ನಿಲ್ಲಲಿಲ್ಲ. ಉಗುಳಿ ಮಣ್ಣು ಕಲಸಿ ಆ ಮನುಷ್ಯನ ಕಣ್ಣಿಗೆ ಹಚ್ಚಿದ.

ಇನ್ನು ಹಿರಿಯರ ಶಾಪ. ಈಗಿನ ಉಪವಾಸ ಕೂಟಗಳಲ್ಲಿ ಇದೊಂದು ದೊಡ್ಡ ವಿಷಯವಾಗಿದೆ. ತಂದೆಗಳ ಪಾಪವನ್ನು ಮೂರು ನಾಲ್ಕು ತಲೆಗಳ ತನಕ ಮಕ್ಕಳ ಮೇಲೆ ಬರಮಾಡುತ್ತೇನೆ ಅನ್ನುವ ವಿಮೋಚನಕಾಂಡ 20:5ನ್ನು ಓದುತ್ತಾರೆ. ಸಾವಿರ ತಲೆಗಳ ತನಕ ದಯೆ ಅನ್ನುವ ಮುಂದಿನ ವಚನಕ್ಕೆ ಬರುವಷ್ಟರಲ್ಲಿ ಕಾಣಿಕೆ ಡಬ್ಬಿ ಬಂದಿರುತ್ತದೆ. ಮಕ್ಕಳ ಪಾಪಕ್ಕೆ ತಂದೆಯನ್ನಾಗಲಿ ತಂದೆಯ ಪಾಪಕ್ಕೆ ಮಕ್ಕಳನ್ನಾಗಲಿ ಸಾಯಿಸಬಾರದು ಅಂತ ಧರ್ಮೋಪದೇಶಕಾಂಡ 24:16 ಹೇಳುತ್ತದೆ. ಬಾಬೆಲಿಗೆ ಸೆರೆಹೋದ ಜನ ಒಂದು ಗಾದೆ ಕಟ್ಟಿಕೊಂಡಿದ್ದರು: ಅಪ್ಪಂದಿರು ಹುಳಿ ದ್ರಾಕ್ಷಿ ತಿಂದರು, ಮಕ್ಕಳ ಹಲ್ಲು ಚಳಿತವು. ಯೆಹೆಜ್ಕೇಲ 18ರಲ್ಲಿ ದೇವರು, ಈ ಗಾದೆ ಇನ್ನು ಮೇಲೆ ನಿಮ್ಮ ಬಾಯಲ್ಲಿ ಬರಕೂಡದು ಅನ್ನುತ್ತಾನೆ. ಸತ್ಯವೇದದ ಒಳಗೇ ಒಂದು ಮಾತು ಇನ್ನೊಂದನ್ನು ತಿದ್ದುತ್ತಾ ಹೋಗುತ್ತದೆ. ಇದನ್ನು ನೆನಪಿಡಿ, ಮಗಳ ಪ್ರಶ್ನೆಗೆ ಬೇಕಾಗುತ್ತದೆ.

ನನ್ನ ಒಂದು ನೆನಪು ಹೇಳುತ್ತೇನೆ. 1993ರ ಸೆಪ್ಟೆಂಬರ್ 30, ಇನ್ನೂ ಬೆಳಕು ಹರಿದಿರಲಿಲ್ಲ. ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ. ಆಗ ನಾನು ಬೀದರ್ ಕಡೆಯ ಹಳ್ಳಿ ಸಭೆಯೊಂದರಲ್ಲಿ ಸಭಾಪಾಲಕನಾಗಿದ್ದೆ, ಹೊಸಬ. ಪಾತ್ರೆಗಳು ಉರುಳಿದ ಸದ್ದಿಗೆ ಎದ್ದು ಹೊರಗೆ ಓಡಿದೆವು. ಹಿಂದಿನ ದಿನ ಗಣಪತಿ ಕಳಿಸಿ, ದಣಿದು, ಗಡಿಯಾಚೆಯ ಹಳ್ಳಿಗಳಲ್ಲಿ ಜನ ಮಲಗಿದ್ದರು. ಹತ್ತಿರಹತ್ತಿರ 10,000 ಮಂದಿ ಹೋದರು. ಮುಂದಿನ ಭಾನುವಾರ ಅತಿಥಿಯಾಗಿ ಬಂದ ಬೋಧಕರೊಬ್ಬರು ನಮ್ಮ ಪೀಠದಿಂದ, ವಿಗ್ರಹಾರಾಧನೆಗೆ ದೇವರು ಕೊಟ್ಟ ತೀರ್ಪು ಇದು ಅಂದರು. ಕೆಲವರು ‘ಆಮೆನ್’ ಅಂದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮುದುಕಿಯೊಬ್ಬಳು ಎದ್ದು ಹೊರಗೆ ಹೋದಳು. ಅವಳ ಮಗಳನ್ನು ಆ ಕಡೆಗೆ ಕೊಟ್ಟಿದ್ದರು. ಆ ಮಗಳೂ ಸಭೆಯವಳೇ. ನಾನು ಬಾಯಿ ಬಿಡಲಿಲ್ಲ. ಅತಿಥಿ ಅಲ್ವಾ ಅಂದುಕೊಂಡೆ. ಮೂವತ್ತು ವರ್ಷ ದಾಟಿದರೂ ಅದು ನನ್ನನ್ನು ಚುಚ್ಚುತ್ತದೆ.

ಕೊಂದದ್ದು ಏನು ಅಂತ ಆಮೇಲೆ ಹೋಗಿ ನೋಡಿದವರಿಗೆ ಗೊತ್ತು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಅಂಥ ಗಟ್ಟಿ ಮನೆಗಳೇ ಮಲಗಿದ್ದವರ ಮೇಲೆ ಕುಸಿದವು. ಹಗುರ ಸೂರಿನ ಗುಡಿಸಲುಗಳು ಹೆಚ್ಚಾಗಿ ಉಳಿದವು. ಭೂಮಿ ಯಾರ ದೇವರು ಯಾರು ಅಂತ ಕೇಳಲಿಲ್ಲ. ಯೇಸುವಿನ ಕಾಲದಲ್ಲೂ ಸಿಲೊವಾಮಿನಲ್ಲಿ ಒಂದು ಬುರುಜು ಬಿದ್ದು 18 ಜನ ಸತ್ತಿದ್ದರು. ಅವರು ಯೆರೂಸಲೇಮಿನ ಬೇರೆಲ್ಲರಿಗಿಂತ ದೊಡ್ಡ ಪಾಪಿಗಳು ಅಂದುಕೊಂಡಿರಾ ಅಂತ ಅವನೇ ಕೇಳಿ, ಇಲ್ಲ ಅಂತ ಅವನೇ ಹೇಳಿದ. ಲೂಕ 13. ನಿಜ, ಅಲ್ಲೇ ‘ನೀವೂ ಮನಸ್ಸು ತಿರುಗಿಸಿಕೊಳ್ಳಿ’ ಅಂತಲೂ ಅಂದ. ಆದರೆ ಆ ಮಾತು ಸತ್ತವರ ಮನೆಯಲ್ಲಿ ಆಡಿದ್ದಲ್ಲ. ಬೇರೆಯವರ ಸಾವಿನ ಸುದ್ದಿ ಹೊತ್ತು ತಂದವರಿಗೆ ಆಡಿದ್ದು.

ಇದು ನಮ್ಮ ಹಳ್ಳಿಗಳ ಅಜ್ಞಾನ ಅಂತ ನಗುವ ಹಾಗಿಲ್ಲ. 1755ರ ನವೆಂಬರ್ 1ರಂದು ಪೋರ್ಚುಗಲ್‌ನ ಲಿಸ್ಬನ್ ನಗರದಲ್ಲಿ ಭೂಕಂಪ ಆಯಿತು. ಸಕಲ ಸಂತರ ಹಬ್ಬದ ಬೆಳಿಗ್ಗೆ. ಚರ್ಚುಗಳು ತುಂಬಿದ್ದವು, ಆರಾಧನೆಯಲ್ಲಿದ್ದವರ ಮೇಲೇ ಬಿದ್ದವು. ಯುರೋಪಿನ ಬುದ್ಧಿವಂತರ ನಂಬಿಕೆ ಅಲ್ಲಾಡಿಹೋಯಿತು. ಅದಕ್ಕೂ 45 ವರ್ಷ ಮೊದಲು ಲೈಬ್ನಿಜ್ ಎಂಬ ಜರ್ಮನ್ ತತ್ವಜ್ಞಾನಿ, ದೇವರು ಮಾಡಬಹುದಾಗಿದ್ದ ಲೋಕಗಳಲ್ಲೆಲ್ಲ ಇದೇ ಉತ್ತಮ ಅಂತ ದೊಡ್ಡ ಗ್ರಂಥ ಬರೆದಿದ್ದ. ಲಿಸ್ಬನ್ ಆದ ಮೇಲೆ ಆ ಮಾತನ್ನು ಗಟ್ಟಿಯಾಗಿ ಹೇಳುವುದು ಕಷ್ಟವಾಯಿತು. ಆಗ ನಮ್ಮ ಮೆಥಡಿಸ್ಟ್ ಸಭೆಯ ಮೂಲಪುರುಷ ಜಾನ್ ವೆಸ್ಲಿ ಏನಂದ ಗೊತ್ತಾ? ಒಂದು ಕಿರುಹೊತ್ತಿಗೆ ಬರೆದು, ಇದು ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಅಂದ. ಕಿಲ್ಲಾರಿಯ ಭಾನುವಾರದ ಬೋಧಕರು ಹೇಳಿದ್ದನ್ನೇ ಅಂದ. ವೆಸ್ಲಿಯ ಮೇಲೆ ನನಗೆ ಬಹಳ ಗೌರವ. ಇಲ್ಲಿ ಅವನು ತಪ್ಪಿದ ಅಂತಲೇ ಹೇಳುತ್ತೇನೆ. ಅವನನ್ನು ತಿದ್ದಲು ಬೇರೆ ಯಾರೂ ಬೇಡ, ಅವನೇ ಸಾಕು. ಅದಕ್ಕೆ ಆಮೇಲೆ ಬರುತ್ತೇನೆ.

ಕೇಡು ಎಲ್ಲಿಂದ ಬಂತು ಅನ್ನುವ ಪ್ರಶ್ನೆಗೆ ಸಭೆಯ ಹಿರಿಯರು ಕೊಟ್ಟ ಉತ್ತರಗಳಲ್ಲಿ ಆಗುಸ್ತೀನನದು ತುಂಬಾ ಹೆಸರಾದದ್ದು. 354ರಿಂದ 430ರವರೆಗೆ ಉತ್ತರ ಆಫ್ರಿಕದಲ್ಲಿ ಬಾಳಿದವನು. ಯುವಕನಾಗಿದ್ದಾಗ ಒಂಬತ್ತು ವರ್ಷ ಮಾನಿ ಪಂಥದಲ್ಲಿದ್ದ. ಒಳಿತಿಗೆ ಒಂದು ಶಕ್ತಿ, ಕೆಡುಕಿಗೆ ಅದರಷ್ಟೇ ಹಳೆಯದಾದ ಇನ್ನೊಂದು ಶಕ್ತಿ ಅನ್ನುವ ಪಂಥ ಅದು. ಅದನ್ನು ಬಿಟ್ಟು ಬಂದ ಮೇಲೆ, ಕೇಡಿಗೆ ತನ್ನದೇ ಆದ ಇರವಿಲ್ಲ, ಅದು ಒಳ್ಳೆಯದರ ಕೊರತೆ ಅಂದ. ಪಾಠ ಮಾಡುವಾಗ ಇದನ್ನು ವಿವರಿಸಲು ನಾನು ಹೆಚ್ಚು ಒದ್ದಾಡಲಿಲ್ಲ. ಕನ್ನಡವೇ ಹೇಳಿಕೊಡುತ್ತದೆ. ಹಾಲು ಕೆಟ್ಟಿತು ಅನ್ನುತ್ತೇವೆ. ‘ಕೆಡು’ ಅನ್ನುವುದರಿಂದಲೇ ‘ಕೇಡು’ ಬಂತು. ಕೆಡಬೇಕಾದರೆ ಮೊದಲು ಒಳ್ಳೆಯ ಹಾಲು ಇರಬೇಕು. ಹಾಲೇ ಇಲ್ಲದೆ ಬರೀ ‘ಕೇಡು’ ಅಂತ ಒಂದು ಪಾತ್ರೆಯಲ್ಲಿ ಇಡಲಿಕ್ಕಾಗುತ್ತದಾ? ‘ಕೇಡಿನಿಂದ ನಮ್ಮನ್ನು ತಪ್ಪಿಸು’ ಅಂತ ಕರ್ತನ ಪ್ರಾರ್ಥನೆಯಲ್ಲಿ ಹೇಳುವಾಗಲೂ ಆ ಒಂದೇ ಪದದಲ್ಲಿ ನಾವು ಮಾಡುವ ಕೆಟ್ಟದ್ದೂ ಇದೆ, ನಮಗೆ ಬರುವ ಹಾನಿಯೂ ಇದೆ.

ಚೆಂದದ ಉತ್ತರ. ಆದರೆ ನಿಮ್ಮ ತಂಗಿಯ ಮನೆಯಲ್ಲಿ ಇದು ನಡೆಯುವುದಿಲ್ಲ. ಆರು ವರ್ಷದ ಕೂಸಿನ ಮೈ ಸುಡುತ್ತಿದ್ದಾಗ ಅಲ್ಲಿದ್ದದ್ದು ಬರೀ ಕೊರತೆ ಅಂತ ಯಾವ ತಾಯಿಗೂ ಹೇಳಲಾಗದು. ಮನುಷ್ಯನಿಗೆ ದೇವರು ಸ್ವಾತಂತ್ರ್ಯ ಕೊಟ್ಟ, ಅವನು ಕೆಡಿಸಿಕೊಂಡ ಅನ್ನುವ ಇನ್ನೊಂದು ಉತ್ತರ ಇದೆ. ಅದು ಕೊಲೆಗೆ, ಕಳ್ಳತನಕ್ಕೆ, ಯುದ್ಧಕ್ಕೆ ಆಗುತ್ತದೆ. ಜ್ವರಕ್ಕೆ ಆಗುವುದಿಲ್ಲ. ಕಷ್ಟ ನಮ್ಮನ್ನು ಮಾಗಿಸುತ್ತದೆ ಅನ್ನುವವರೂ ಇದ್ದಾರೆ. 2ನೇ ಶತಮಾನದ ಐರೇನಿಯಸ್ ಮನುಷ್ಯ ಬೆಳೆಯುತ್ತಾ ಪೂರ್ಣನಾಗಬೇಕಾದವನು ಅಂದಿದ್ದ, ಅಲ್ಲಿಂದ ಬಂದ ಯೋಚನೆ ಇದು. ನನಗಾದರೆ ಒಪ್ಪಿಗೆ. ಆರು ವರ್ಷಕ್ಕೇ ಹೋದ ಮಗು ಯಾವಾಗ ಮಾಗಬೇಕಿತ್ತು?

ಬೀದರಿನ ಬೋಧಕರಿಗೆ ಇನ್ನೊಂದು ಕೈಗೆಟಕುವ ಉದಾಹರಣೆ ಇದೆ. ನಾನೂ ಒಮ್ಮೆ ಬಳಸಿದ್ದೆ, ನಾಚಿಕೆಯಾಗುತ್ತದೆ. ಬಿದ್ರಿ ಕೆಲಸ. ಸತು ತಾಮ್ರದ ಎರಕಕ್ಕೆ ಬೆಳ್ಳಿ ಕೂರಿಸಿ, ಕೋಟೆಯ ಹಳೆ ಮಣ್ಣು ಕಲಸಿ ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ‘ನೋಡಿ, ಕಪ್ಪು ಇದ್ದದ್ದಕ್ಕೇ ಬೆಳ್ಳಿ ಚೆಂದ, ದುಃಖ ಇದ್ದದ್ದಕ್ಕೇ ಸುಖ ಚೆಂದ.’ ಪ್ರಸಂಗ ಮುಗಿದ ಮೇಲೆ ಎಲ್ಲರೂ ಮೆಚ್ಚಿದರು. ಆದರೆ ಹೂಜಿ ಚೆಂದ ಕಾಣೋದು ಕೊಳ್ಳುವವನ ಕಣ್ಣಿಗೆ. ಕಪ್ಪಾದ ಲೋಹವನ್ನು ಯಾರೂ ಕೇಳುವುದಿಲ್ಲ. ಮಗು ಲೋಹ ಅಲ್ಲ.

ಹಾಗಾದರೆ ಯೋಬನಿಗೆ ದೇವರು ಕೊಟ್ಟ ಉತ್ತರ ಏನು? ಬಿರುಗಾಳಿಯೊಳಗಿಂದ ನಾಲ್ಕು ಅಧ್ಯಾಯ ಮಾತಾಡುತ್ತಾನೆ. ಭೂಮಿಗೆ ಅಸ್ತಿವಾರ ಹಾಕಿದಾಗ ನೀನು ಎಲ್ಲಿದ್ದೆ, ಮನುಷ್ಯರೇ ಇಲ್ಲದ ಅಡವಿಯ ಮೇಲೆ ಮಳೆ ಸುರಿಸುವವರು ಯಾರು, ಕಾಡುಕತ್ತೆಯನ್ನು ಬಿಡುಗಡೆ ಮಾಡಿದವರು ಯಾರು. ಮಕ್ಕಳು ಯಾಕೆ ಸತ್ತರು ಅಂತ ಒಂದು ಮಾತೂ ಇಲ್ಲ. ಮೊದಲ ಎರಡು ಅಧ್ಯಾಯದಲ್ಲಿ ಸೈತಾನನ ಜೊತೆ ನಡೆದ ಮಾತುಕತೆ ಓದುಗರಾದ ನಮಗೆ ಗೊತ್ತು. ಯೋಬನಿಗೆ ಅದನ್ನು ಕೊನೆತನಕ ಯಾರೂ ಹೇಳುವುದಿಲ್ಲ. ಆದರೆ ‘ನೀನು ಪಾಪ ಮಾಡಿದ್ದಕ್ಕೇ ಹೀಗಾಯಿತು’ ಅಂತಲೂ ದೇವರು ಅನ್ನುವುದಿಲ್ಲ. ಇದು ದೊಡ್ಡದು. ಕಾರಣ ಕೊಡಲಿಲ್ಲ, ಸುಳ್ಳು ಕಾರಣವನ್ನೂ ಕೊಡಲಿಲ್ಲ.

42:6ರಲ್ಲಿ ಯೋಬ ಧೂಳಿಯಲ್ಲಿಯೂ ಬೂದಿಯಲ್ಲಿಯೂ ಪಶ್ಚಾತ್ತಾಪ ಪಡುತ್ತಾನೆ ಅಂತ ನಾವು ಓದುತ್ತೇವೆ. ಅಲ್ಲಿರುವ ಹೀಬ್ರೂ ಕ್ರಿಯಾಪದಕ್ಕೆ ಮನಸ್ಸು ಬದಲಾಯಿಸು ಅಂತಲೂ ಸಮಾಧಾನಗೊಳ್ಳು ಅಂತಲೂ ಅರ್ಥ ಇದೆ. ಧೂಳು ಬೂದಿಯ ನಡುವೆಯೂ ಅವನಿಗೆ ಸಮಾಧಾನ ಸಿಕ್ಕಿತು ಅಂತ ಓದುವವರೂ ಇದ್ದಾರೆ. ಇದನ್ನು ಇಟ್ಟುಕೊಂಡು ಪಂಡಿತರು ಇನ್ನೂ ಜಗಳಾಡುತ್ತಿದ್ದಾರೆ, ಆಡಲಿ.

ಈಗ ಮಗಳ ಪ್ರಶ್ನೆ. ಮೊದಲು ಒಂದು ಮಾತು. ಅವಳು ಕೇಳಿದ್ದು ತಪ್ಪು ಅಂತ ಯಾರಾದರೂ ಅಂದರೆ ಆದಿಕಾಂಡ 18 ತೋರಿಸಿ. ಸೊದೋಮನ್ನು ನಾಶಮಾಡಲು ಹೊರಟಾಗ ಅಬ್ರಹಾಮ ದೇವರಿಗೇ ಅಡ್ಡ ನಿಂತು ಕೇಳುತ್ತಾನೆ: ಇಡೀ ಲೋಕಕ್ಕೆ ನ್ಯಾಯ ತೀರಿಸುವವನು ತಾನೇ ನ್ಯಾಯ ಮಾಡಬೇಡವೇ? ಆಮೇಲೆ ಸಂತೆಯಲ್ಲಿ ಚೌಕಾಸಿ ಮಾಡುವ ಹಾಗೆ ಐವತ್ತು ನೀತಿವಂತರಿಂದ ಹತ್ತಕ್ಕೆ ಇಳಿಸುತ್ತಾನೆ. ದೇವರು ಸಿಟ್ಟಾಗಲಿಲ್ಲ, ಪ್ರತಿ ಸಲವೂ ಆಯಿತು ಅಂದ. ನಿಮ್ಮ ಮಗಳು ಅಬ್ರಹಾಮನ ಸಾಲಿನಲ್ಲೇ ನಿಂತಿದ್ದಾಳೆ.

ಆ ಅಧ್ಯಾಯ ನಿಜವಾಗಿಯೂ ಕಷ್ಟದ್ದು. ತೆಳ್ಳಗೆ ಮಾಡಿ ಹೇಳಬೇಡಿ, ಅವಳಿಗೆ ಗೊತ್ತಾಗುತ್ತದೆ. ಸೇನಾಧೀಶ್ವರನಾದ ಯೆಹೋವನು ಹೀಗೆ ಹೇಳುತ್ತಾನೆ ಅಂತ ಪ್ರವಾದಿ ಸಮುವೇಲ ಬಂದು ಇಸ್ರಾಯೇಲಿನ ಅರಸ ಸೌಲನಿಗೆ ಅಪ್ಪಣೆ ಕೊಡುತ್ತಾನೆ. ಅಮಾಲೇಕ್ಯರನ್ನು ಗಂಡಸರು, ಹೆಂಗಸರು, ಮೊಲೆಕೂಸುಗಳು, ದನಕುರಿಗಳ ಸಮೇತ ಮುಗಿಸಬೇಕು. ಕಾರಣ, ಐಗುಪ್ತದಿಂದ ಬರುವ ದಾರಿಯಲ್ಲಿ ಅವರ ಹಿರಿಯರು ಮಾಡಿದ ದಾಳಿ, ಎಷ್ಟೋ ತಲೆಮಾರು ಹಿಂದಿನದು. ಸೌಲ ಅವರ ರಾಜನನ್ನೂ ಒಳ್ಳೆಯ ದನಗಳನ್ನೂ ಉಳಿಸಿಕೊಂಡ. ಅಷ್ಟಕ್ಕೇ ಅವನ ರಾಜ್ಯ ಹೋಯಿತು.

ಕ್ರೈಸ್ತರು ಇದನ್ನು ಮೊದಲಿಂದಲೂ ಎದುರಿಸುತ್ತಲೇ ಬಂದಿದ್ದಾರೆ. 2ನೇ ಶತಮಾನದಲ್ಲಿ ಮಾರ್ಸಿಯನ್ ಅಂತ ಒಬ್ಬ ಹಡಗಿನ ವ್ಯಾಪಾರಿ ಇದ್ದ. ಹಳೆಯ ಒಡಂಬಡಿಕೆಯ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಅಂದ. ಹಳೆಯ ಒಡಂಬಡಿಕೆ ಪೂರ್ತಿ ತೆಗೆದುಹಾಕಿ, ಕತ್ತರಿಸಿದ ಲೂಕ ಸುವಾರ್ತೆ ಮತ್ತು ಪೌಲನ ಹತ್ತು ಪತ್ರ ಇಟ್ಟುಕೊಂಡ. ರೋಮಿನ ಸಭೆ 144ರಲ್ಲಿ ಅವನನ್ನು ಹೊರಗೆ ಹಾಕಿತು. ಅವನು ಕೊಟ್ಟಿದ್ದ ದೊಡ್ಡ ಕಾಣಿಕೆಯನ್ನೂ ವಾಪಸ್ ಕೊಟ್ಟಿತು. (ಈಗಿನ ಸಭೆಗಳು ಕೊಡುತ್ತವಾ, ನನಗೆ ಅನುಮಾನ.) ಅವನ ಪ್ರಶ್ನೆ ಸರಿಯಾಗಿತ್ತು, ಉತ್ತರ ಸರಿಯಿರಲಿಲ್ಲ. ಹಳೆಯದನ್ನು ಎಸೆದರೆ ಯೋಬನೂ ಹೋಗುತ್ತಾನೆ, ಅಬ್ರಹಾಮನ ಆ ಪ್ರಶ್ನೆಯೂ ಹೋಗುತ್ತದೆ.

3ನೇ ಶತಮಾನದ ಓರಿಜೆನ್ ಬೇರೆ ದಾರಿ ಹಿಡಿದ. ಕಾನಾನ್ ದೇಶ ಗೆದ್ದ ಯೆಹೋಶುವನ ಯುದ್ಧಗಳು ನಮ್ಮ ಒಳಗಿನ ಕೋಪ, ಲೋಭದ ಮೇಲಿನ ಯುದ್ಧಗಳಿಗೆ ಗುರುತು. ಹಾಗಲ್ಲದಿದ್ದರೆ, ಸಮಾಧಾನ ಬೋಧಿಸಲು ಬಂದ ಕ್ರಿಸ್ತನ ಶಿಷ್ಯರಿಗೆ ಇವನ್ನು ಸಭೆಯಲ್ಲಿ ಓದಲು ಅಪೊಸ್ತಲರು ಕೊಡುತ್ತಲೇ ಇರಲಿಲ್ಲ ಅಂದ. 16ನೇ ಶತಮಾನದ ಕ್ಯಾಲ್ವಿನ್ ಮಾತ್ರ, ಅಪ್ಪಣೆ ದೇವರದ್ದಾದರೆ ಪ್ರಶ್ನಿಸಲು ನಾವು ಯಾರು ಅನ್ನುವ ಕಡೆಯವನು. ನಮ್ಮ ಊರುಗಳ ಬಹುತೇಕ ಬೋಧಕರು ಇವತ್ತಿಗೂ ಇದನ್ನೇ ಹೇಳುತ್ತಾರೆ. ಅವರಿಗೆ ವಾಕ್ಯದ ಮೇಲಿರುವ ಭಯಭಕ್ತಿಯನ್ನು ನಾನು ಹಗುರ ಮಾಡುವುದಿಲ್ಲ. ಆದರೆ ‘ದೇವರು ಹೇಳಿದ್ದರಿಂದ ಕೂಸನ್ನು ಕೊಲ್ಲುವುದೂ ಸರಿ’ ಅಂದ ಮೇಲೆ ‘ದೇವರು ಒಳ್ಳೆಯವನು’ ಅನ್ನುವ ಮಾತಿನಲ್ಲಿ ಏನು ಉಳಿಯಿತು? ಆ ವಾಕ್ಯ ಬಳಕೆಯಾದ ರೀತಿಯನ್ನೂ ನೋಡಬೇಕು. 17ನೇ ಶತಮಾನದಲ್ಲಿ ಅಮೆರಿಕಕ್ಕೆ ಹೋಗಿ ನೆಲೆಸಿದ ಇಂಗ್ಲಿಷ್ ಬೋಧಕರಲ್ಲಿ ಕೆಲವರು ಅಲ್ಲಿನ ಮೂಲನಿವಾಸಿಗಳನ್ನೇ ಅಮಾಲೇಕ್ಯರು ಅಂತ ಕರೆದರು.

ಗ್ರಂಥವನ್ನೇ ಇನ್ನಷ್ಟು ಓದಿದರೆ ಒಂದು ವಿಚಿತ್ರ ಕಾಣುತ್ತದೆ. 15ನೇ ಅಧ್ಯಾಯದಲ್ಲಿ ರಾಜನೊಬ್ಬನನ್ನು ಬಿಟ್ಟು ಅಮಾಲೇಕ್ಯರೆಲ್ಲ ಮುಗಿದರು. 30ನೇ ಅಧ್ಯಾಯದಲ್ಲಿ ಅದೇ ಅಮಾಲೇಕ್ಯರು ಬಂದು ದಾವೀದನ ಊರು ಸುಡುತ್ತಾರೆ. ದಾವೀದ ಹೊಡೆದಾಗ 400 ಯುವಕರು ಒಂಟೆ ಹತ್ತಿ ತಪ್ಪಿಸಿಕೊಳ್ಳುತ್ತಾರೆ. ಮುಗಿದವರು ಎಲ್ಲಿಂದ ಬಂದರು? ಯೆಹೋಶುವನ ಗ್ರಂಥದಲ್ಲೂ ಹೀಗೇ. ಉಸಿರಾಡುವ ಒಬ್ಬನನ್ನೂ ಉಳಿಸಲಿಲ್ಲ ಅಂತ 10ನೇ ಅಧ್ಯಾಯ ಹೇಳುತ್ತದೆ. ನ್ಯಾಯಸ್ಥಾಪಕರು 1ನೇ ಅಧ್ಯಾಯ ತೆಗೆದರೆ ಕಾನಾನ್ಯರು ಊರೂರಲ್ಲೂ ಇದ್ದಾರೆ.

1868ರಲ್ಲಿ ಈಗಿನ ಜೋರ್ಡಾನಿನ ಧೀಬಾನ್‌ನಲ್ಲಿ ಒಂದು ಕಪ್ಪು ಶಿಲಾಶಾಸನ ಸಿಕ್ಕಿತು. ಕ್ರಿಸ್ತಪೂರ್ವ 9ನೇ ಶತಮಾನದ ಮೋವಾಬಿನ ಅರಸ ಮೇಷ ಹಾಕಿಸಿದ್ದು. ಅದರಲ್ಲಿ ಅವನು, ‘ಇಸ್ರಾಯೇಲು ಶಾಶ್ವತವಾಗಿ ನಾಶವಾಯಿತು’ ಅನ್ನುತ್ತಾನೆ. ಒಂದು ಊರಿನ ಗಂಡು ಹೆಣ್ಣು ಎಲ್ಲರನ್ನೂ ಕೊಂದು ತನ್ನ ದೇವರಿಗೆ ಅರ್ಪಿಸಿದೆ ಅನ್ನುತ್ತಾನೆ. ಸಮುವೇಲ 15ರಲ್ಲಿ ‘ಪೂರ್ಣ ನಾಶ’ಕ್ಕೆ ಬಳಸಿದ ಪದವೇ ಅಲ್ಲೂ ಇದೆ. ಇಸ್ರಾಯೇಲು ನಾಶವಾಗಲಿಲ್ಲ ಅಂತ ನಮಗೆ ಗೊತ್ತು. ಹಾಗಾಗಿ ಆ ಕಾಲದ ಆ ಸೀಮೆಯ ಅರಸರು ಯುದ್ಧ ಗೆದ್ದರೆ ಹೀಗೆ ಬರೆಸುತ್ತಿದ್ದರು. ನಮ್ಮ ಕಡೆಯ ಶಾಸನಗಳಲ್ಲಿ ಅರಸರು ಸಮುದ್ರವನ್ನೇ ಒಣಗಿಸುವುದಿಲ್ಲವೇ?

ಇದರಿಂದ ಪೂರ್ತಿ ಬಿಡುಗಡೆ ಸಿಗುವುದಿಲ್ಲ. ಮಗಳು ಜಾಣೆ ಇದ್ದಂತಿದೆ, ‘ಉತ್ಪ್ರೇಕ್ಷೆ ಇರಲಿ, ಆದರೂ ದೇವರು ಹೇಳಿದ ಅಂತ ಬರೆದಿದೆಯಲ್ಲ’ ಅನ್ನುತ್ತಾಳೆ. ನಿಜ. ಇಲ್ಲಿ ನನ್ನ ನಿಲುವು ಹೇಳುತ್ತೇನೆ, ಒಪ್ಪಲೇಬೇಕು ಅಂತಿಲ್ಲ. ಆ ಜನ ತಮ್ಮ ಕಾಲದ ಭಾಷೆಯಲ್ಲಿ, ತಮ್ಮ ಕಾಲದ ಕೋಪದಲ್ಲಿ ದೇವರನ್ನು ಅರ್ಥ ಮಾಡಿಕೊಂಡರು, ಹಾಗೇ ಬರೆದರು. ಸತ್ಯವೇದ ಅದನ್ನು ಒರೆಸದೆ ಇಟ್ಟಿದೆ. ಮುಂದೆ ತಾನೇ ತಿದ್ದುತ್ತಾ ಹೋಗಿದೆ, ಹುಳಿ ದ್ರಾಕ್ಷಿಯ ಗಾದೆಯನ್ನು ತಿದ್ದಿದ ಹಾಗೆ. ಕಾನಾನ್ಯಳಾದ ರಾಹಾಬಳು ಮತ್ತಾಯ 1ರಲ್ಲಿ ಯೇಸುವಿನ ವಂಶಾವಳಿಯಲ್ಲೇ ಕೂತಿದ್ದಾಳೆ. ಕೂಸುಗಳನ್ನು ಎತ್ತಿ ಅಪ್ಪಿಕೊಂಡವನನ್ನು ನೋಡಿ ನಾನು ಸಮುವೇಲ 15 ಓದುತ್ತೇನೆ. ಅದನ್ನು ನೋಡಿ ಇವನನ್ನು ಓದುವುದಿಲ್ಲ. ಇದರಲ್ಲಿ ಅಪಾಯ ಇದೆ. ನಮಗೆ ಬೇಡವಾದ ವಾಕ್ಯವನ್ನೆಲ್ಲ ‘ಆ ಕಾಲದ್ದು’ ಅಂತ ತಳ್ಳಿಬಿಡಬಹುದು. ಬಡ್ಡಿ ತೆಗೆದುಕೊಳ್ಳಬೇಡ ಅನ್ನುವುದನ್ನು ಎಷ್ಟು ಜನ ಹಾಗೇ ತಳ್ಳಿದ್ದಾರೆ, ನೋಡುತ್ತಿಲ್ಲವೇ?

ವೆಸ್ಲಿಗೆ ಬರುತ್ತೇನೆ ಅಂದಿದ್ದೆ. 1739ರಲ್ಲಿ, ದೇವರು ಕೆಲವರನ್ನು ನರಕಕ್ಕೇ ಅಂತ ಮೊದಲೇ ನಿಶ್ಚಯಿಸಿದ್ದಾನೆ ಅನ್ನುವ ಬೋಧನೆಯ ವಿರುದ್ಧ ಅವನೊಂದು ಪ್ರಸಂಗ ಮಾಡಿದ. ಎದುರಾಳಿಗಳು ಸಾಲುಸಾಲು ವಾಕ್ಯ ತೋರಿಸುತ್ತಿದ್ದರು. ವೆಸ್ಲಿಯ ಉತ್ತರ ಹೀಗಿತ್ತು: ಆ ವಾಕ್ಯದ ಅರ್ಥ ಏನೇ ಇರಲಿ, ಲೋಕದ ನ್ಯಾಯಾಧಿಪತಿ ಅನ್ಯಾಯಗಾರ ಅಂತ ಅದರ ಅರ್ಥ ಆಗಲಾರದು, ದೇವರು ಪ್ರೀತಿಯಲ್ಲ ಅನ್ನುವ ಅರ್ಥ ಯಾವ ವಾಕ್ಯಕ್ಕೂ ಬರಲಾರದು. ಅವನ ಗೆಳೆಯ ವಿಟ್‌ಫೀಲ್ಡ್ ಇದಕ್ಕೆ ಬಹಿರಂಗ ಪತ್ರ ಬರೆದು ಜಗಳಕ್ಕೆ ಬಂದ. ಇಬ್ಬರ ದಾರಿ ಬೇರೆಯಾಯಿತು. 1784ರಲ್ಲಿ ಅಮೆರಿಕದ ಮೆಥಡಿಸ್ಟರಿಗೆ ಆರಾಧನೆ ಪುಸ್ತಕ ಮಾಡಿಕೊಟ್ಟಾಗಲೂ ವೆಸ್ಲಿ ಎಷ್ಟೋ ಕೀರ್ತನೆಗಳನ್ನು, ಕೀರ್ತನೆಗಳ ಭಾಗಗಳನ್ನು ಬಿಟ್ಟುಬಿಟ್ಟ. ಕ್ರೈಸ್ತ ಸಭೆಯ ಬಾಯಿಗೆ ಅವು ತಕ್ಕವಲ್ಲ ಅಂತ ಮುನ್ನುಡಿಯಲ್ಲೇ ಹೇಳಿದ. ನಮ್ಮ ಸಭೆ ಬೀದರಿಗೆ ಬಂದದ್ದು ಆ ಅಮೆರಿಕದ ಮೆಥಡಿಸ್ಟರ ಕಡೆಯಿಂದಲೇ. ಹಾಗಾಗಿ ನಿಮ್ಮ ಮಗಳ ಪ್ರಶ್ನೆ ಸಭೆಗೆ ಹೊರಗಿನದಲ್ಲ. 1739ರ ಅಳತೆಗೋಲನ್ನು ವೆಸ್ಲಿ 1755ರಲ್ಲಿ ಲಿಸ್ಬನ್ನಿನ ಸತ್ತವರಿಗೆ ಹಿಡಿದು ನೋಡಲಿಲ್ಲ, ಅಷ್ಟೇ.

ಮಗಳು ಕೇಳಿದ ಕೊನೆಯ ಮಾತಿಗೆ, ‘ತಮ್ಮನನ್ನೂ ಅವನೇ ಕೊಂದನಾ?’ ಅನ್ನುವುದಕ್ಕೆ, ಸುತ್ತಿಬಳಸದೆ ಹೇಳಿ. ಇಲ್ಲ. ಜ್ವರ ಕೊಂದಿತು. ದೇವರು ಯಾಕೆ ತಡೆಯಲಿಲ್ಲ ಅಂತ ಕೇಳಿದರೆ, ಯೋಬನಿಗೇ ಹೇಳದ್ದನ್ನು ನಾನು ಹೇಗೆ ಹೇಳಲಿ?

ತಂಗಿಯ ವಿಷಯ. ಚರ್ಚಿಗೆ ಬಾ ಅಂತ ಈಗಲೇ ಒತ್ತಾಯ ಮಾಡಬೇಡಿ. ಆ ಮಾತು ಎಲ್ಲರ ಮುಂದೆ ಆಡಿದ್ದು. ಹಾಗಾಗಿ ಅದು ತಪ್ಪು ಅಂತ ನಿಮ್ಮ ಸಭಾಪಾಲಕರು ಎಲ್ಲರ ಮುಂದೆಯೇ ಹೇಳಬೇಕು. ಹೋಗಿ ಕೇಳಿ, ನಾನು ಹೇಳಿದೆ ಅಂತಲೇ ಹೇಳಿ. ನೀವು ವಾರಕ್ಕೊಂದು ಸಲ ರೊಟ್ಟಿ ಕಟ್ಟಿಕೊಂಡು ಅವಳ ಮನೆಗೆ ಹೋಗಿ ಕೂತು ಬನ್ನಿ. ಮಗುವಿನ ಹೆಸರು ಹಿಡಿದು ಮಾತಾಡಿ. ಅವನ ಹೆಸರು ಎತ್ತಿದರೆ ಅವಳು ಅಳುತ್ತಾಳೆ ಅಂತ ಎಲ್ಲರೂ ಬಿಟ್ಟಿರುತ್ತಾರೆ. ‘ಇನ್ನೊಂದು ಮಗು ಆಗುತ್ತೆ ಬಿಡು’ ಅನ್ನುವವರು ಬಂದರೆ ಬಾಗಿಲಲ್ಲೇ ತಡೆಯಿರಿ. ಯೋಬನಿಗೆ ಕೊನೆಗೆ ಕುರಿ, ಒಂಟೆ, ಎತ್ತು, ಕತ್ತೆ ಎಲ್ಲ ಎರಡರಷ್ಟು ಬಂದವು. ಮಕ್ಕಳು ಮಾತ್ರ ಮತ್ತೆ ಹತ್ತೇ. ಮೊದಲಿನ ಹತ್ತನ್ನು ಯಾರೂ ಲೆಕ್ಕದಿಂದ ತೆಗೆದಿಲ್ಲ ಅಂತ ಅದನ್ನು ಓದುವ ಹಳೆಯ ರೂಢಿಯೊಂದಿದೆ.

ಅವಳೇ ಏನಾದರೂ ಓದು ಅಂದರೆ 88ನೇ ಕೀರ್ತನೆ ಓದಿ. ಬೇರೆ ಅಳಲಿನ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಕತ್ತಲೆ ಅನ್ನುವ ಮಾತಿಗೇ ನಿಲ್ಲುತ್ತದೆ. ಅಲ್ಲಿಗೇ ಪುಸ್ತಕ ಮುಚ್ಚಿ, ಮೇಲೆ ನಿಮ್ಮದೇನೂ ಸೇರಿಸಬೇಡಿ. ಮಗಳಿಗೆ ಹೇಳಿ, ಸಮುವೇಲ 15ನ್ನು ಇನ್ನೊಮ್ಮೆ ಓದಲಿ. ದೇವರು ತನ್ನ ನಿರ್ಧಾರಕ್ಕೆ ಪಶ್ಚಾತ್ತಾಪಪಟ್ಟ ಅಂತ 11ನೇ ವಚನ ಹೇಳುತ್ತದೆ, ದೇವರು ಪಶ್ಚಾತ್ತಾಪಪಡುವವನಲ್ಲ ಅಂತ 29ನೇ ವಚನ ಹೇಳುತ್ತದೆ. ಯೋಬ 42:6ರಲ್ಲಿ ಬಂದ ಕ್ರಿಯಾಪದವೇ ಎರಡೂ ಕಡೆ ಇದೆ. ಅದರ ಬಗ್ಗೆ ಅವಳಿಗೆ ಏನನ್ನಿಸಿತು ಅಂತ ಈ ಸಲ ಅವಳೇ ನನಗೆ ಬರೆಯಲಿ.